ಕೀವೊಣಗಿ ಬೇರಿನ ಸಿಪ್ಪೆ

ಎಲೆಮನೆ, ಗದಗ ಸೀಮೆ
ನಳ ಸಂವತ್ಸರದ ಶ್ರಾವಣ. ನಿಮ್ಮ ಕ್ಯಾಲೆಂಡರಿನಲ್ಲಿ 2216ನೆಯ ಇಸವಿ

ಶಿವಲೀಲಾ ಕುರಡಗಿ ಅವರಿಗೆ ಸಂಕವ್ವನ ನಮಸ್ಕಾರಗಳು.

ವಯಸ್ಸಿನಲ್ಲಿ ನೀವು ನನ್ನ ಮಗಳಷ್ಟು, ಕಾಲದಲ್ಲಿ ನನ್ನ ಮುತ್ತಜ್ಜಿಗೂ ಹಿರಿಯರು. ಹೇಗೆ ಕರೆಯಬೇಕೆಂದು ತಿಳಿಯದೆ ಹೆಸರು ಹಿಡಿದೇ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ಈ ಕಾಗದ ನಿಮ್ಮ ಕೈ ಸೇರಲಾರದೆಂಬುದು ನನಗೆ ಗೊತ್ತು. ಆದರೂ ತಂಗಿಯ ಸಾವನ್ನು ಹೇಳಿಕೊಳ್ಳಲು ಬೇರೆ ಯಾರೂ ತೋಚಲಿಲ್ಲ.

ನಿಮ್ಮ ಕಾಲದವರು ಒಣಗಿಸಿ ಹಾಳೆಗೆ ಅಂಟಿಸಿಟ್ಟ ಗಿಡಗಳನ್ನು ಕಾಯುವ ಜಾಗಕ್ಕೆ ಎಲೆಮನೆ ಎನ್ನುತ್ತೇವೆ. ನಾನು ಇಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ನಿಮ್ಮ ಕಾಲಕ್ಕೆ ನಮ್ಮವರು ಇಟ್ಟ ಹೆಸರು ಗುಳಿಗೆಗಾಲ. ಗಾಯವಾದರೆ ಒಂದು ಗುಳಿಗೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದಿರಂತೆ. ಆ ಗುಳಿಗೆಗಳನ್ನೆಲ್ಲ ಸೋಲಿಸಿ ಉಳಿದ ರೋಗಾಣುಗಳನ್ನು ಇಲ್ಲಿ ಗೆದ್ದ ಹುಳು ಎಂದು ಕರೆಯುತ್ತಾರೆ. ಅವಕ್ಕೆ ಅಂಜಿಯೇ ನಮ್ಮ ದಿನ ಬೆಳಗಾಗುತ್ತದೆ. ಮಕ್ಕಳ ಉಗುರನ್ನು ಕತ್ತರಿಸುವುದಿಲ್ಲ, ದಿನ ಬಿಟ್ಟು ದಿನ ಉಜ್ಜಿ ಸವೆಸುತ್ತೇವೆ. ಗಾಜಿನ ಬಳೆ ತೊಡುವವರಿಲ್ಲ. ಗಂಡಸರೆಲ್ಲ ಗಡ್ಡ ಬಿಟ್ಟಿದ್ದಾರೆ. ಬಸುರಿಗೆ ಒಂಬತ್ತು ತುಂಬಿದ ದಿನ ನೆಂಟರೆಲ್ಲ ಬಂದು ಅವಳ ಜೊತೆ ಉಂಡು ಹೋಗುತ್ತಾರೆ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಗಳಲ್ಲಿ ಚಾಕು ಇರುವುದಿಲ್ಲ. ಓಣಿಗೊಬ್ಬ ಈಳಿಗೆಯವ್ವ ಇರುತ್ತಾಳೆ. ತಂತಿ ಹೆಣೆದ ಕೈಗವಸು ತೊಟ್ಟು ಇಡೀ ಓಣಿಯ ಕಾಯಿಪಲ್ಯ ಹೆಚ್ಚಿಕೊಡುವುದು ಅವಳ ಕೆಲಸ.

ನಮ್ಮ ಓಣಿಯ ಈಳಿಗೆಯವ್ವ ನನ್ನ ತಂಗಿ ಹೊಳೆವ್ವ. ಇಪ್ಪತ್ತೆರಡು ವರ್ಷ ಈಳಿಗೆಯ ಮುಂದೆ ಕೂತರೂ ಒಂದು ಗೀರು ಮಾಡಿಕೊಂಡವಳಲ್ಲ. ಕಳೆದ ಕಾರ್ತಿಕದಲ್ಲಿ ಅವಳಿಗೆ ಬದನೆಕಾಯಿ ತೊಟ್ಟಿನ ಮುಳ್ಳು ಚುಚ್ಚಿತು. ಕೆಲಸ ಮುಗಿಸಿ, ಕೈಗವಸು ಕಳಚಿ, ಬುಟ್ಟಿಯ ತಳದಲ್ಲಿ ಉಳಿದಿದ್ದ ಒಂದೇ ಕಾಯಿಯನ್ನು ಬರಿಗೈಯಲ್ಲಿ ಎತ್ತಿಕೊಂಡಿದ್ದಳು. ಮರುದಿನ ಹೆಬ್ಬೆರಳು ಕೆಂಪಾಯಿತು. ಮೂರನೆಯ ದಿನ ಕೀವು ತುಂಬಿ ಮಣಿಕಟ್ಟಿನವರೆಗೂ ಬಾತಿತು. ಬೆರಳು ತೆಗೆಯೋಣವೆಂದರೆ ಕೊಯ್ದ ಜಾಗವೇ ಹೊಸ ಗಾಯ. ವೈದ್ಯರು ಕೈಮುಗಿದು ಹೊರಟುಹೋದರು.

"ಅಕ್ಕಾ, ನಿನ್ನ ಒಣಾ ಎಲಿಯೊಳಗ ಏನರ ಐತೇನ ನೋಡ," ಎಂದಳು ಹೊಳೆವ್ವ. ನಗುತ್ತಲೇ ಅಂದಳು. ಮೂವತ್ತು ವರ್ಷ ನನ್ನ ಕೆಲಸವನ್ನು ಗೇಲಿ ಮಾಡಿದವಳು ಅವಳು.

ಹಾಗೆ ಹುಡುಕುವಾಗ ನಿಮ್ಮ ಹಾಳೆ ಸಿಕ್ಕಿತು. ಕೀವೊಣಗಿ ಎಂಬ ಬಳ್ಳಿ. ಕಪ್ಪತಗುಡ್ಡದ ಪಡುವಣ ಇಳಿಜಾರು. ಸಂಗ್ರಹಿಸಿದವರು ಶಿವಲೀಲಾ ಕುರಡಗಿ, ಎಂ.ಎಸ್ಸಿ. ಎರಡನೆಯ ವರ್ಷ. ಕೆಳಗೆ ಕೆಂಪು ಶಾಯಿಯಲ್ಲಿ: ಎಲೆಯ ಕಷಾಯ, ಕುದಿಸಿದ್ದು, ಪರಿಣಾಮವಿಲ್ಲ. ಇಂಥ ಹಾಳೆಗಳನ್ನು ನಾನು ನೂರಾರು ಸಲ ಪಕ್ಕಕ್ಕಿಟ್ಟಿದ್ದೇನೆ. ಆದರೆ ಇದರ ಬೆನ್ನಿಗೆ ನಿಮ್ಮ ಟಿಪ್ಪಣಿ ಪುಸ್ತಕದ ಒಂದು ಪುಟ ಅಂಟಿಕೊಂಡಿತ್ತು. ಗುಡ್ಡದ ಕೆಳಗಿನ ಊರಲ್ಲಿ ಗಾಯಕ್ಕೆ ಮದ್ದು ಕೊಡುವ ಹುಲಿಗೆವ್ವ ಎಂಬುವರ ಮಾತನ್ನು ಅದರಲ್ಲಿ ಇದ್ದ ಹಾಗೇ ಬರೆದುಕೊಂಡಿದ್ದಿರಿ: "ಎಲಿ ದನಕ್ಕ ಹಾಕವ್ವಾ. ಮದ್ದು ಇರೋದು ಬೇರಿನ ಸಿಪ್ಪ್ಯಾಗ. ಕುದಿಸಬ್ಯಾಡ, ಕುದಿಸಿದ್ರ ಸಾಯತೈತಿ. ಕುಸುಬಿ ಎಣ್ಣ್ಯಾಗ ಮೂರ ದಿನ ನೆನಿ ಇಡು."

ಅದರಡಿ ನಿಮ್ಮದೇ ಸಾಲು: ಸದ್ಯ ಎಲ್ಲ ಗಿಡಗಳಂತೆ ಎಲೆಯನ್ನೇ ಕುದಿಸಿ ನೋಡುವುದು. ಐದಕ್ಕೆ ಬಸ್ಸು. ಬೇರಿಗೆ ಇನ್ನೊಮ್ಮೆ ಬರಬೇಕು.

ಬಂದಿರೋ ಇಲ್ಲವೋ ಕಾಗದಗಳು ಹೇಳುವುದಿಲ್ಲ.

ಬಳ್ಳಿ ಎಳೆಯುವಾಗ ಕಿತ್ತು ಬಂದ ಬೆರಳುದ್ದದ ಒಂದು ಬೇರು ಅದೇ ಹಾಳೆಯ ಮೂಲೆಯಲ್ಲಿತ್ತು. ಸಿಪ್ಪೆ ಕೆರೆದು ಎಣ್ಣೆಯಲ್ಲಿ ನೆನೆಹಾಕಿದೆ. ಗೆದ್ದ ಹುಳು ಬೆಳೆಸಿದ ಪರೀಕ್ಷೆಯ ತಟ್ಟೆಯಲ್ಲಿ ಹಾಕಿ ನೋಡದ ಮದ್ದನ್ನು ಮೈಗೆ ಹಚ್ಚಬಾರದೆಂಬುದು ಎಲೆಮನೆಯ ಕಟ್ಟಳೆ. ಅದರಂತೆ ಅರ್ಧ ಎಣ್ಣೆ ತಟ್ಟೆಗೆ ಹೋಯಿತು. ಮರುದಿನ ನೋಡಿದರೆ ತಟ್ಟೆಯ ತುಂಬ ಹಬ್ಬಿದ್ದ ಹುಳುಗಳ ನಡುವೆ, ಎಣ್ಣೆ ಬಿದ್ದ ಕಡೆ, ತೊಳೆದಿಟ್ಟಂಥ ಖಾಲಿ ಉಂಗುರ. ನನ್ನ ಮೂವತ್ತು ವರ್ಷದಲ್ಲಿ ನಾನು ಕಂಡ ಮೊದಲ ಉಂಗುರ ಅದು. ಅಲ್ಲೇ ಕೂತು ಅತ್ತೆ.

ಉಳಿದರ್ಧವನ್ನು ಹೊಳೆವ್ವನ ಕೈಗೆ ಹಚ್ಚಿದೆ. ಎರಡು ದಿನಕ್ಕೆ ಬಾವು ಇಳಿಯಿತು, ಕೀವು ಒಣಗತೊಡಗಿತು. ಜ್ವರ ಬಿಟ್ಟು ಅವಳು ರೊಟ್ಟಿ ಕೇಳಿದಳು. ಮೂರನೆಯ ದಿನ ಎಣ್ಣೆ ತೀರಿತು. ಹನ್ನೊಂದು ಜನ ಕಪ್ಪತಗುಡ್ಡ ಹತ್ತಿದೆವು. ಎರಡು ದಿನ ಪಡುವಣ ಇಳಿಜಾರನ್ನು ಕಲ್ಲು ಕಲ್ಲು ಸರಿಸಿ ನೋಡಿದೆವು. ಆ ಬಳ್ಳಿ ಅಲ್ಲಿಲ್ಲ. ಅದನ್ನು ಕಂಡವರೂ ಯಾರೂ ಉಳಿದಿಲ್ಲ.

ತಿರುಗಿ ಬಂದಾಗ ಹೊಳೆವ್ವನ ತೋಳು ಕಪ್ಪಾಗಿತ್ತು. "ತಟ್ಟ್ಯಾಗ ಉಂಗುರ ಖರೇನ ಬಿದ್ದಿತ್ತೇನ?" ಎಂದು ಕೇಳಿದಳು. ಬಿದ್ದಿತ್ತು ಎಂದೆ. "ಹಂಗಾರ ಆ ಮುದುಕಿ ಸುಳ್ಳ ಹೇಳಿಲ್ಲ ಬಿಡು," ಎಂದಳು. ಮಧ್ಯಾಹ್ನದ ಹೊತ್ತಿಗೆ ಹೋದಳು.

ತಟ್ಟೆಗೆ ಹಾಕಿದ ಆ ಅರ್ಧವನ್ನೂ ಹಚ್ಚಿದ್ದರೆ ಅವಳು ಉಳಿಯುತ್ತಿದ್ದಳೇ? ಊಟಕ್ಕೆ ಕೂತಾಗೆಲ್ಲ ಈ ಪ್ರಶ್ನೆ ಎದ್ದು ಬರುತ್ತದೆ. ಹಾಗಾಗಿ ನಿಮ್ಮನ್ನು ದೂರುವ ಬಾಯಿ ನನಗಿಲ್ಲ. ಒಬ್ಬ ಹೆಂಗಸಿನ ಮಾತನ್ನು ನೀವು ಪೂರ್ತಿ ಬರೆದಿಟ್ಟಿರಿ. ಪರಿಣಾಮವಿಲ್ಲ ಎಂದು ಬರೆದ ಇನ್ನೂ ಒಂಬೈನೂರು ಹಾಳೆಗಳು ಇಲ್ಲಿವೆ. ಒಂದೊಂದನ್ನೂ ತಿರುಗಿಸಿ ನೋಡಿದ್ದೇನೆ, ಬೆನ್ನಿಗೆ ಏನೂ ಇಲ್ಲ. ಯಾರು ಏನು ಹೇಳಿದ್ದರೋ, ಯಾವುದನ್ನು ಕುದಿಸಿ ಕೊಂದೆವೋ ಇನ್ನು ತಿಳಿಯುವಂತಿಲ್ಲ.

ನಿಮ್ಮ ದಿನಗಳಲ್ಲಿ ಆ ಬಳ್ಳಿ ಇನ್ನೂ ಗುಡ್ಡದ ಮೇಲಿದೆ. ದಯವಿಟ್ಟು ಇನ್ನೊಮ್ಮೆ ಹೋಗಿ. ಬಸ್ಸು ತಪ್ಪಿದರೆ ತಪ್ಪಲಿ, ಹುಲಿಗೆವ್ವನ ಮನೆಯಲ್ಲೇ ಉಳಿಯಿರಿ; ಬೇಡ ಎನ್ನುವವರಲ್ಲ ಅನಿಸುತ್ತದೆ. ಎಷ್ಟು ಬೇರು ತೆಗೆದರೆ ಬಳ್ಳಿ ಬದುಕುತ್ತದೆಂದು ಕೇಳಿ. ಬೇರೆ ಗಿಡಗಳ ಮಾತನ್ನೂ ತೆಗೆಯಿರಿ, ಅವರಿಗೆ ಸಾಕೆನಿಸುವವರೆಗೆ ಕೇಳಿ. ನಿಮಗಾಗದಿದ್ದರೆ ಯಾರನ್ನಾದರೂ ಕಳಿಸಿ, ಆದರೆ ಈ ವರ್ಷವೇ ಕಳಿಸಿ. ಹುಲಿಗೆವ್ವನಿಗೆ ಎಂಬತ್ತೇಳು ಎಂದು ಆ ಪುಟದಲ್ಲಿ ನೀವೇ ಬರೆದಿದ್ದೀರಿ.

ಸಂಕವ್ವ