ಗೋಡೆ ಕಾಣುವ ಕೋಣೆ

ಮೈಸೂರು, ೨೦-೯-೧೯೫೪

ಸೌ. ಪುಟ್ಟತಾಯಿಗೆ,
ಸೋಮವಾರಪೇಟೆ, ಕೊಡಗು ರಾಜ್ಯ

ಎಸ್ಟೇಟಿನವರು ಕಳಿಸಿದ ಕೆಲಸ ಇಲ್ಲಿ ಮುಗಿಯಿತು. ದಸರೆಗೆ ನಾವಿಬ್ಬರು ಇಳಿದುಕೊಳ್ಳಲು ಮೂರು ಲಾಡ್ಜು ನೋಡಿದೆ. ಅರಮನೆ ಎದುರಿನದರಲ್ಲಿ ನೀನು ಕೇಳಿದಂತೆ ಕಿಟಕಿಯಿಂದಲೇ ದೀಪಾಲಂಕಾರ ಕಾಣುತ್ತದೆ. ಮಾರ್ಕೆಟ್ ಬಳಿಯದು ಬರೀ ಗಲಾಟೆ. ನಾನು ಗೊತ್ತು ಮಾಡಿದ್ದು ಅಗ್ರಹಾರದ ಸಣ್ಣ ಲಾಡ್ಜು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಸಿಟ್ಟಾಗಬೇಡ, ದೀಪ ನೋಡಲು ನಡೆದೇ ಹೋಗೋಣ.

ಇಲ್ಲಿಯ ಮ್ಯಾನೇಜರು, "ಬೆಳಿಗ್ಗೆ ಆರಕ್ಕೆ ಕಾಫಿ ರೂಮಿಗೇ ಬರುತ್ತೆ ಸ್ವಾಮಿ" ಎಂದರು. ಎಸ್ಟೇಟಿನ ಗಂಟೆಗೆ ಮುಂಚೆ ಎದ್ದು ಇಪ್ಪತ್ತೆರಡು ವರ್ಷ ನನಗೆ ಕಾಫಿ ಕಾಸಿದವಳು ನೀನು. ನಿನಗೆ ಯಾರೂ ಕಾಸಿಕೊಟ್ಟದ್ದು ನಾನು ನೋಡಿಲ್ಲ, ನಾನೂ ಕೊಟ್ಟಿಲ್ಲ.

ಬರುವಾಗ ನಿನ್ನ ಕಂಬಳಿ ಮರೆಯಬೇಡ. ಬಾಗಿಲು ತಟ್ಟಿದಾಗ ನಾನು ಏಳುತ್ತೇನೆ, ನೀನು ಹೊದ್ದು ಮಲಗಿರು.

ನಿನ್ನ ದಾರಿ ನೋಡುವ,
ಮಲ್ಲಪ್ಪ