ಅರಿಶಿನ ಹಚ್ಚಿದ ಮಂಗಳವಾರ

ಮಸ್ಕಿ,
ಮಂಗಳವಾರ, ೧೧ ಫೆಬ್ರವರಿ ೨೦೨೫

ಪ್ರೀತಿಯ ದೀಪಾ,

ಮೊದಲು ನಿನ್ನ ಮೈ ಹೇಗಿದೆ ಹೇಳು. ಎದೆಹಾಲು ಕಟ್ಟಿಕೊಂಡು ಜ್ವರ ಬರುತ್ತಿತ್ತಲ್ಲ, ಇಳಿಯಿತೇ? ಮಲ್ಲಿಗೆ ಹೂವು ಕಟ್ಟಿದರೆ ಹಾಲು ಬತ್ತುತ್ತದೆ ಎಂದು ನಿಮ್ಮವ್ವನಿಗೆ ಹೇಳಿ ಕಳಿಸಿದ್ದೆ. ಕೂಸು ಹೋದದ್ದು ಹಾಲಿಗೆ ಗೊತ್ತಾಗುವುದಿಲ್ಲ ನೋಡು, ಅದು ತನ್ನ ವೇಳೆಗೆ ಬರುತ್ತಲೇ ಇರುತ್ತದೆ. ಊಟ ಬಿಡಬೇಡ. ರೊಟ್ಟಿ ಸೇರದಿದ್ದರೆ ಗಂಜಿಯಾದರೂ ಕುಡಿ. ಅತ್ತೆಯ ಹುಕುಂ ಅಂದುಕೋ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಊರಿನ ತಾಯಂದಿರನ್ನೆಲ್ಲ ಗದರಿಸಿದ ಬಾಯಿ ಇದು, ಸುಮ್ಮನಿರುವುದಿಲ್ಲ. ಸುಮ್ಮನಿರಬಾರದ ಕಡೆ ಮಾತ್ರ ಸುಮ್ಮನಿದ್ದುಬಿಟ್ಟಿತು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ನೀನು ಮುದಗಲ್‌ಗೆ ತವರಿಗೆ ಹೋಗಿ ಇಪ್ಪತ್ತಾರು ದಿನವಾಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಬೇಡ. ನನಗೂ ಫೋನ್ ಮುಟ್ಟಲು ಮನಸ್ಸು ಬರುವುದಿಲ್ಲ. ಇವತ್ತು ಮಂಗಳವಾರ ಬೇರೆ. ಹನ್ನೊಂದು ಗಂಟೆಗೆ ಎದ್ದು ಜೋಳದ ಹಿಟ್ಟಿನ ಡಬ್ಬಿಯನ್ನು ಕಿಟಕಿಯ ಹತ್ತಿರ ಇಟ್ಟುಬಿಟ್ಟಿದ್ದೆ. ಅದಕ್ಕೆ ಫೋನ್ ಒರಗಿಸಿಯೇ ಅಲ್ಲವೇ ನಮ್ಮ ಅಮರಿಯನ್ನು ಡಾಕ್ಟರಮ್ಮನಿಗೆ ತೋರಿಸುತ್ತಿದ್ದದ್ದು. ಇಟ್ಟ ಮೇಲೆ ನೆನಪಾಯಿತು, ತೋರಿಸಲಿಕ್ಕೆ ಯಾರೂ ಇಲ್ಲ ಎಂದು. ಡಬ್ಬಿ ಹಿಡಿದುಕೊಂಡು ಅಲ್ಲೇ ಕೂತು ಅತ್ತೆ.

ಆ ಡಾಕ್ಟರಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಮೂರು ತಿಂಗಳ ಕೂಸಿಗೆ ಪಿತ್ತನಾಳದ ಆಪರೇಷನ್ ಮಾಡಿ ಉಳಿಸಿಕೊಟ್ಟವರು. ಪ್ರತಿ ಸಲ ಬೆಂಗಳೂರಿಗೆ ಬರಬೇಡಿ, ಕೂಸಿಗೆ ದಣಿವು, ಮಂಗಳವಾರ ಮಂಗಳವಾರ ವಿಡಿಯೋದಲ್ಲೇ ನೋಡುತ್ತೇನೆ ಎಂದರು. ಕಣ್ಣು ಹಳದಿಯಾದರೆ, ಕಕ್ಕ ಬೆಳ್ಳಗಾದರೆ, ಜ್ವರ ಬಂದರೆ ಒಂದು ದಿನವೂ ಕಾಯಬಾರದು ಎಂದು ಬರೆದೂ ಕೊಟ್ಟರು. ಏಳು ತಿಂಗಳು ಎಲ್ಲ ಚೆಂದ ನಡೆಯಿತು. ನೀನು ಹಗಲು ಬೆಳಕಿನಲ್ಲಿ ಕಣ್ಣಿನದೊಂದು, ಕಕ್ಕದ ಬಟ್ಟೆಯದೊಂದು ಫೋಟೋ ತೆಗೆದು ತಪ್ಪದೆ ಕಳಿಸುತ್ತಿದ್ದೆ. ದೊಡ್ಡ ಡಾಕ್ಟರಿಗೆ ಅದನ್ನೆಲ್ಲ ತೋರಿಸುತ್ತಾರೇನೇ ಎಂದು ನಾನು ನಗಾಡುತ್ತಿದ್ದೆ. ಅಮರಿಯಂತೂ ಫೋನಿನೊಳಗಿನ ಕನ್ನಡಕಕ್ಕೆ ಕೈ ಹಾಕಿ ಹಾಕಿ ಕಾಲ್ ಕತ್ತರಿಸುತ್ತಿದ್ದಳು.

ಆ ಮಂಗಳವಾರ ಸಿಂಧನೂರಿನಲ್ಲಿ ನಿನ್ನ ಬಿ.ಎಡ್. ಪರೀಕ್ಷೆ. ಒಲ್ಲೆ ಎಂದವಳನ್ನು ಬಸ್ ಹತ್ತಿಸಿದವಳು ನಾನು. ಹೊಸ್ತಿಲು ದಾಟುವಾಗ ನೀನು ಹೇಳಿದ್ದು ಕಿವಿಯಲ್ಲೇ ಇದೆ: "ಅತ್ತೀ, ಇವತ್ತ ಅರಿಶಿನ ಹಚ್ಚಬ್ಯಾಡ್ರಿ, ಡಾಕ್ಟರಿಗೆ ಬಣ್ಣ ತಿಳಿಯಂಗಿಲ್ಲ." ನಾನು ಹೂಂ ಎಂದೆ. ನೀನು ಹೋದ ಮೇಲೆ, ಬೋಳು ಮುಖದ ಕೂಸನ್ನು ಹೇಗೆ ತೋರಿಸುವುದು ಎಂದು ಎಣ್ಣೆ ಅರಿಶಿನ ಹಚ್ಚಿ ಎರೆದೆ, ದೃಷ್ಟಿಬೊಟ್ಟು ಇಟ್ಟೆ. ಬಿಸಿನೀರಿಗೆ ಅಮರಿ ನಿದ್ದೆ ಹೋಯಿತು. ಡಾಕ್ಟರಮ್ಮ ನೋಡಿದವರೇ "ಅಜ್ಜಿ, ಮಗು ಹಳದಿ ಕಾಣ್ತಿದೆಯಲ್ಲ" ಎಂದರು. ನಾನು ನಕ್ಕೆ. "ಅರಿಶಿನ ಹಚ್ಚೀನ್ರೀ ಅವ್ವಾರ, ಹಳದಿ ಕಾಣದ ಏನ್ ಮಾಡ್ತೈತಿ" ಎಂದೆ. ಅವರು ನಗಲಿಲ್ಲ. ಎದ್ದ ಮೇಲೆ ಕಣ್ಣಿನದು, ಕಕ್ಕದ್ದು ಫೋಟೋ ಸಂಜೆಯೊಳಗೆ ಕಳಿಸಲೇಬೇಕು ಎಂದರು. ನೀನು ಬಂದು ಕೇಳಿದಾಗ "ಎಲ್ಲಾ ಚಲೋ ಐತಿ ಅಂದ್ರು" ಎಂದೆ. ಬಲ್ಬಿನ ಬೆಳಕಿನಲ್ಲಿ ಅರಿಶಿನ ಕಂಡು ನೀನು ಮುಖ ಸಿಂಡರಿಸಿದೆ, ಬೈಯಲಿಲ್ಲ.

ಗುರುವಾರ ನೀನು ಎರಡನೆಯ ಪರೀಕ್ಷೆ ಬರೆಯುತ್ತಿದ್ದಾಗ ಜ್ವರ ಏರಿತು. ನಿನ್ನ ಫೋನ್ ಬಂದ್ ಇತ್ತು. ಲಿಂಗಸುಗೂರಿನ ಕೆಲಸ ಬಿಟ್ಟು ಮಗ ಶಿವರಾಜ ಓಡಿಬಂದ. ರಾಯಚೂರು ಮುಟ್ಟುವ ಮೊದಲೇ ಅಮರಿ ನನ್ನ ತೊಡೆಯ ಮೇಲೆ ತಣ್ಣಗಾದಳು. ಡಾಕ್ಟರಮ್ಮ ಫೋನಿನಲ್ಲಿ ಅತ್ತರು. "ಮಂಗಳವಾರದ ಫೋಟೋ ಚೆನ್ನಾಗೇ ಇತ್ತಲ್ಲ ಅಜ್ಜಿ, ಎರಡೇ ದಿನಕ್ಕೆ ಹೀಗಾಯ್ತಾ" ಎಂದರು.

ಕೂಸಿನ ಮಣ್ಣಿಗೆ ಬಂದ ಹೆಂಗಸರು "ಕೂಸಿನ್ನ ಬಿಟ್ಟು ಪರೀಕ್ಷಾ ಬರ್ಯಾಕ ಹೋಗಿದ್ಲಂತ" ಎಂದರು. ಶಿವರಾಜನೂ ಸಂಕಟದಲ್ಲಿ ಅದನ್ನೇ ಅಂದ. ನೀನು ತಲೆ ಬಗ್ಗಿಸಿ ಕೇಳಿಸಿಕೊಂಡೆ. ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ನಿನ್ನ ಮೇಲೆ ಬಿದ್ದದ್ದೆಲ್ಲ ನನ್ನ ಮೇಲೆ ಬೀಳಬೇಕಾದದ್ದು ಮಗಳೇ. ಪುಸ್ತಕಗಳನ್ನು ಒಲೆಗೆ ಹಾಕುತ್ತೇನೆ ಅನ್ನುತ್ತಿದ್ದೀಯಂತೆ. ಹಾಕಬೇಡ. ಉಳಿದ ಪರೀಕ್ಷೆ ಬರೆ.

ಗುರುಗುಂಟಾದ ಅಮರೇಶ್ವರ ನಿನ್ನನ್ನು ಕಾಯಲಿ. ಅವನ ಹೆಸರಿಟ್ಟ ಕೂಸನ್ನು ಕಾಯಲಿಲ್ಲವಲ್ಲ, ನಿನ್ನನ್ನಾದರೂ ಕಾಯಲಿ. ಬೀಗರಿಬ್ಬರಿಗೂ ಶರಣು ತಿಳಿಸು.

ನಿನ್ನ ಅತ್ತೆ,
ರೇಣುಕಾದೇವಿ

ತಾ.ಕ.: ಶಿವರಾಜ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಮಂಗಳವಾರದ ಫೋಟೋ ಆ ದಿನದ್ದಲ್ಲ. ಕಕ್ಕದ ಬಟ್ಟೆಯನ್ನು ನಾನು ನೋಡದೆಯೇ ತೊಳೆದುಬಿಟ್ಟಿದ್ದೆ. ಅಷ್ಟರಲ್ಲಿ ಬೆಳಕೂ ಹೋಯಿತು. ಮರೆತೆ ಅನ್ನಲು ನಾಚಿಕೆಯಾಗಿ, ಹಿಂದಿನ ವಾರ ನೀನು ತೆಗೆದ ಎರಡು ಫೋಟೋ ನನ್ನ ಫೋನಿನಲ್ಲಿದ್ದವು, ಅವನ್ನೇ ಕಳಿಸಿದೆ. ನಿನ್ನೆ ಡಾಕ್ಟರಮ್ಮನಿಗೂ ಶಿವರಾಜನಿಗೂ ಹೇಳಿದ್ದೇನೆ. ಡಾಕ್ಟರಮ್ಮ ಫೋನ್ ಇಟ್ಟುಬಿಟ್ಟರು. ಶಿವರಾಜ ನಿನ್ನನ್ನು ಕರೆತರಲು ಹೊರಟಿದ್ದಾನೆ. ನೀನು ಬರುವಾಗ ನಾನು ಮನೆಯಲ್ಲಿರುವುದಿಲ್ಲ, ಗುರುಗುಂಟಾದಲ್ಲಿ ತಂಗಿಯ ಮನೆಗೆ ಹೋಗುತ್ತೇನೆ. ನೀನು ಬಾ ಅಂದ ದಿನ ಬರುತ್ತೇನೆ, ಅನ್ನದಿದ್ದರೆ ಇಲ್ಲ. ಅಮರಿಯ ತಲೆಗೆ ಕಟ್ಟುತ್ತಿದ್ದ ಕುಂಚಿಗಿಯನ್ನು ನಿನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದನ್ನು ತೊಳೆದಿಲ್ಲ.