ಬೀಗರ ಮೇಲೆ ಬಿದ್ದ ನೀರು

ಮಾನ್ಯ ವಿಮಾನ ನಿಲ್ದಾಣದ ನಿರ್ದೇಶಕರೇ,

ನಿಮ್ಮ ಬೀಗರ ಸೂಟು ಒಣಗಿದೆ ಎಂದು ನಂಬಿದ್ದೇನೆ. ಅದನ್ನು ತೋಯಿಸಿದ ಅಪರಾಧಕ್ಕಾಗಿ ನಿಮ್ಮ ಅಗ್ನಿಶಾಮಕ ವಾಹನದ ಚಾಲಕನನ್ನು ಅಮಾನತು ಮಾಡಿದ್ದೀರಿ. ಆ ಚಾಲಕ ನನ್ನ ತಮ್ಮ. ಹೊಲಿಗೆ ಅಂಗಡಿ ನಡೆಸುವ ನನಗೆ ಬಟ್ಟೆಯ ಬೆಲೆ ಚೆನ್ನಾಗಿ ಗೊತ್ತು. ಮನುಷ್ಯನ ಚರ್ಮದ ಬೆಲೆ ನಿಮಗೆ ಗೊತ್ತಿದೆಯೇ ಎಂದು ಎಲ್ಲರೆದುರು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಹೊಸ ವಿಮಾನ ಮೊದಲ ಬಾರಿ ಬಂದಿಳಿದಾಗ ಎರಡು ಅಗ್ನಿಶಾಮಕ ವಾಹನಗಳು ಎದುರುಬದುರು ನಿಂತು ಅದರ ಮೇಲೆ ನೀರಿನ ಕಮಾನು ಕಟ್ಟುತ್ತವೆ. ಇದಕ್ಕೆ ವಾಟರ್ ಸೆಲ್ಯೂಟ್ ಎನ್ನುತ್ತಾರೆ. ಅಪರೂಪಕ್ಕೊಮ್ಮೆ ಸಲ್ಲಬೇಕಾದ ಈ ಗೌರವ ನಿಮ್ಮ ಆಳ್ವಿಕೆಯಲ್ಲಿ ಬೀದಿಪಾಲಾಯಿತು. ಮಂತ್ರಿ ಬಂದರೆ ಕಮಾನು, ಮಂತ್ರಿಯ ಮೈದುನ ಬಂದರೂ ಕಮಾನು. ಕೊನೆಗೆ ನಿಮ್ಮ ಮಗಳ ಮದುವೆ ಮಾತುಕತೆಗೆಂದು ಬಂದ ಬೀಗರಿಗೂ ಕಮಾನು! ಮನೆಗೆ ಬಂದವರಿಗೆ ಒಂದು ಲೋಟ ನೀರು ಕೊಡುವವರನ್ನು ನೋಡಿದ್ದೇನೆ. ಟ್ಯಾಂಕುಗಟ್ಟಲೆ ಕೊಟ್ಟ ಮಹಾನುಭಾವರು ನೀವೊಬ್ಬರೇ.

ನನ್ನ ತಮ್ಮನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಗಡಿಬಿಡಿ. ಡ್ಯೂಟಿಯಲ್ಲಿ ಊಟಕ್ಕೆ ಕೂತರೂ ಬಾಗಿಲ ಕಡೆಗೇ ಮುಖ ಮಾಡುವ ಆಸಾಮಿ. "ವಿಮಾನ ಇಳಿಯೋ ಹೊತ್ತಲ್ಲಿ ಟ್ಯಾಂಕು ತುಂಬಿರ್ಬೇಕು ಅಕ್ಕ, ಇವ್ರು ಅದನ್ನ ಕಾರಂಜಿ ಮಾಡ್ಕೊಂಡಿದಾರೆ" ಎಂದು ಮನೆಯಲ್ಲಿ ಗೊಣಗುತ್ತಿದ್ದ. ನಿಮ್ಮೆದುರೂ ಒಮ್ಮೆ ಹೇಳಿದನಂತೆ. "ನಿಮ್ಮಪ್ಪನ ಮನೆ ನೀರೇನ್ರೀ? ಹೊಡೀರಿ ಸುಮ್ನೆ" ಎಂದಿರಂತೆ ನೀವು.

ಅಂದು ಬೀಗರು ಕಮಾನಿನ ಮುಂದೆ ಸಾಲಾಗಿ ನಿಂತರು. ಮೊದಲ ಫೋಟೋದಲ್ಲಿ ಬೀಗಿತ್ತಿಯವರು ಕಣ್ಣು ಮುಚ್ಚಿದ್ದರಿಂದ ಮತ್ತೆ ನೀರು ಬಿಡಲು ಅಪ್ಪಣೆಯಾಯಿತು. ಅಷ್ಟರಲ್ಲಿ ಲಗೇಜು ಶೆಡ್ಡಿಗೆ ಬೆಂಕಿ ಬಿತ್ತು. ಒಳಗೆ ಸಾಮಾನು ಹೊರುವ ಒಬ್ಬ ಲೋಡರ್ ಸಿಕ್ಕಿಕೊಂಡಿದ್ದ. ವೈರ್‌ಲೆಸ್ಸಿನಲ್ಲಿ ಕೂಗು ಕೇಳಿದ್ದೇ ತಡ, ನನ್ನ ತಮ್ಮ ನೀರು ನಿಲ್ಲಿಸುವುದನ್ನೂ ಮರೆತು ವಾಹನ ತಿರುಗಿಸಿಬಿಟ್ಟ. ಕಮಾನಿನ ಅರ್ಧ ಭಾಗ ಹೋಗಿ ನಿಮ್ಮ ಬೀಗರ ಮೇಲೆ ಬಿತ್ತು. ಅದು ತಪ್ಪೇ. ಕೇಳಿ ನನಗೆ ನಗು ಬಂದದ್ದೂ ನಿಜ.

ಎರಡನೇ ವಾಹನವೂ ಹೊರಟಿತ್ತಲ್ಲ, ಅದಕ್ಕೆ ಅಡ್ಡ ನಿಂತವರು ಯಾರು ಸ್ವಾಮಿ? "ಒಂದು ಹೋಗಿದೆಯಲ್ರೀ, ಇದಾದ್ರೂ ಇಲ್ಲಿರ್ಲಿ!" ಎಂದು ಕಿರುಚಿದವರು ಯಾರು? ಅತಿಥಿಗಳು ಹಿಡಿಶಾಪ ಹಾಕುತ್ತ ತಲೆ ಒರೆಸಿಕೊಳ್ಳುತ್ತಿದ್ದಾಗಲೂ ಅರ್ಧ ಕಮಾನಿನ ಕೆಳಗೆ ಫೋಟೋ ಬೇಕೆಂಬ ಹಟಕ್ಕೆ ಏನೆನ್ನಬೇಕು? ಅತ್ತ ನನ್ನ ತಮ್ಮನ ಟ್ಯಾಂಕಿನಲ್ಲಿ ನಿಮ್ಮ ಸಂಭ್ರಮಕ್ಕೆ ಸುರಿದು ಉಳಿದಿದ್ದ ನೀರು ಬೆಂಕಿ ಆರುವ ಮೊದಲೇ ಬರಿದಾಯಿತು. ಅವನು ಒಳನುಗ್ಗಿ ಲೋಡರನ್ನು ಎಳೆದು ತಂದ. ಲೋಡರನ ಜೀವ ಉಳಿಯಿತು, ಅವನ ಎರಡೂ ಕೈ ಸುಟ್ಟುಹೋದವು.

ಅಮಾನತು ಆದೇಶದಲ್ಲಿ "ಗಣ್ಯ ಅತಿಥಿಗಳಿಗೆ ಅಗೌರವ" ಎಂದಿದೆ. ಬೆಂಕಿಯ ಸುದ್ದಿಯೇ ಇಲ್ಲ. ಕರ್ತವ್ಯಕ್ಕೆ ಎಳ್ಳುನೀರು ಬಿಟ್ಟವರು ಕರ್ತವ್ಯ ಮಾಡಿದವನಿಗೆ ಶಿಸ್ತು ಕಲಿಸುತ್ತಿದ್ದೀರಿ. ನಿಮ್ಮನ್ನು ಕಂಡರೆ ನನಗೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚು.

ನಿನ್ನೆ ತಮ್ಮನ ಜೊತೆ ಸುಟ್ಟಗಾಯದ ವಾರ್ಡಿಗೆ ಹೋಗಿದ್ದೆ. ಲೋಡರನಿಗೆ ಹೆಂಡತಿ ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು.

"ಅಣ್ಣಾ, ಇನ್ನೊಂದು ಗಾಡಿ ಯಾಕೆ ಬರ್ಲಿಲ್ಲ?" ಎಂದು ಅವನು ಕೇಳಿದ.

"ಕೆಟ್ಟಿತ್ತಪ್ಪ. ಸ್ಟಾರ್ಟೇ ಆಗ್ಲಿಲ್ಲ" ಎಂದ ನನ್ನ ತಮ್ಮ.

ಹೊರಗೆ ಬಂದ ಮೇಲೆ ತರಾಟೆಗೆ ತೆಗೆದುಕೊಂಡೆ. "ಆ ಮನುಷ್ಯನ್ನ ಯಾಕೋ ಕಾಪಾಡ್ತೀಯ?"

"ಅವರನ್ನಲ್ಲ ಅಕ್ಕ. ಫೋಟೋಗೋಸ್ಕರ ಗಾಡಿ ನಿಂತಿತ್ತು ಅಂತ ಇವ್ನಿಗೆ ಹೇಗೆ ಹೇಳ್ಲಿ?"

ನನ್ನ ತಮ್ಮನಿಗೆ ಅವನ ವಾಹನ ಮರಳಿ ಕೊಡಿ. ಆ ವಾಹನಗಳು ಇನ್ನು ಯಾರಿಗೂ ಸೆಲ್ಯೂಟ್ ಹೊಡೆಯದಿರಲಿ. ಆಮೇಲೆ ಆ ವಾರ್ಡಿಗೆ ಹೋಗಿ ಲೋಡರನಿಗೆ ನಿಜವನ್ನು ನೀವೇ ಹೇಳಿ. ಫೋಟೋ ಮರೆಯದೆ ಒಯ್ಯಿರಿ. ಅದನ್ನು ಹಿಡಿದು ನೋಡಲು ಅವನಿಂದಾಗದು, ನೀವೇ ಅವನ ಕಣ್ಣೆದುರು ಹಿಡಿದು ತೋರಿಸಬೇಕು.

ಇಂತಿ,
ಗೌರವವೆಲ್ಲ ಮುಗಿದುಹೋದ ಕಾರಣ ಬರೀ ಸಹಿ ಹಾಕುತ್ತಿರುವ,
ಗಡಿಬಿಡಿಯ ಅಕ್ಕ